ಪಾರಿವಾಳ ಓಡಿಸುವ ಯಂತ್ರ

ಕೇಬಲ್ ಟಿವಿ ಕಚೇರಿಯ ದೂರು ಗುಮಾಸ್ತರು ಹುಟ್ಟು ಪುಕ್ಕಲರೆಂದು ಅವರನ್ನು ಬಲ್ಲವರೆಲ್ಲ ಹೇಳುತ್ತಾರೆ. ಇದು ಅನ್ಯಾಯದ ಮಾತು. ಹುಟ್ಟಿನಿಂದ ಬಂದ ಪುಕ್ಕಲುತನ ಅರ್ಧ ಮಾತ್ರ. ಉಳಿದರ್ಧವನ್ನು ಅವರು ಕೆಲಸಕ್ಕೆ ಸೇರಿದ ಮೇಲೆ ಸ್ವಂತ ದುಡಿಮೆಯಿಂದ ಸಂಪಾದಿಸಿದ್ದರು.

ಕಿಟಕಿಯ ಹಿಂದೆ ಮುರುಕು ಕುರ್ಚಿಯಲ್ಲಿ ಕೂತು, ಟಿವಿ ಬರುತ್ತಿಲ್ಲವೆಂದು ಕೂಗಾಡಿಕೊಂಡು ಬರುವವರಿಗೆಲ್ಲ "ಲೈನ್‌ಮನ್ ಹೊರಟಿದ್ದಾರೆ" ಎಂದು ಹೇಳುವುದು ಅವರ ಕೆಲಸ. ಲೈನ್‌ಮನ್ ಆ ಹೊತ್ತಿಗೆ ಕಚೇರಿಯ ಹಿಂಬದಿಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿರುತ್ತಿದ್ದ. ಗೊರಕೆ ಕಿಟಕಿಯವರೆಗೂ ಕೇಳಿಸಿದರೆ ಗುಮಾಸ್ತರು ಜೋರಾಗಿ ಕೆಮ್ಮುತ್ತಿದ್ದರು. ಜಗಳಕ್ಕೆಂದು ತೋಳೇರಿಸಿಕೊಂಡು ಬಂದವರು ಅವರ ಬೆದರಿದ ಕಣ್ಣು, ಬೆವರಿದ ಹಣೆ ನೋಡಿ, ಪಾಪ, ಇವರಿಗೆ ನಮಗಿಂತ ದೊಡ್ಡ ಕಷ್ಟವೇನೋ ಇದೆಯೆಂದು ಮರುಗಿ, ಅವರಿಗೇ ಧೈರ್ಯ ಹೇಳಿ ಹೋಗುತ್ತಿದ್ದರು. ಮಾಲೀಕರು ಅವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇ ಆ ಮುಖಕ್ಕಾಗಿ.

ಮಾಲೀಕರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ಎಂದೂ ಕೂಗಿದವರಲ್ಲ. ಕೋಪ ಏರಿದಷ್ಟೂ ಅವರ ದನಿ ಇಳಿಯುತ್ತಿತ್ತು. ಹಿಂದೆ ಇದೇ ಕುರ್ಚಿಯಲ್ಲಿ ಕೂತಿದ್ದ ಗುಮಾಸ್ತ ತನ್ನ ಮನೆಯ ಅಡುಗೆಕೋಣೆಯಲ್ಲಿ ಎದುರಾಳಿ ಕಂಪನಿಯ ಕ್ಯಾಲೆಂಡರು ನೇತುಹಾಕಿದ್ದು ಅವರ ಕಿವಿಗೆ ಬಿತ್ತು. ಆತನನ್ನು ಎಷ್ಟು ಮೆತ್ತಗೆ ಕೆಲಸದಿಂದ ತೆಗೆದರೆಂದರೆ, ಅದು ಕೇಳಿಸದೆ ಆತ ಮರುದಿನವೂ ಬಂದು ಕೆಲಸ ಮಾಡುತ್ತ ಕೂತಿದ್ದ. ಆಮೇಲೆ ಲೈನ್‌ಮನ್ ಬಂದು ಕುರ್ಚಿಯಿಂದ ಎಬ್ಬಿಸಿ ಕಳಿಸಬೇಕಾಯಿತು.

ಇಂಥ ಕಚೇರಿಯ ಗುಮಾಸ್ತರ ಮನೆಯಲ್ಲಿ ಟಿವಿ ಬರುತ್ತಿರಲಿಲ್ಲ. ನೌಕರರಿಗೆ ಕೇಬಲ್ ಬಿಟ್ಟಿ. ಆದರೆ ನೌಕರರ ಮನೆಯ ರಿಪೇರಿ ಊರಿನವರದೆಲ್ಲ ಮುಗಿದ ಮೇಲೆ ಎಂಬುದು ಮಾಲೀಕರ ನಿಯಮ. ಊರಿನವರದು ಯಾವತ್ತು ಮುಗಿಯಿತು? ಗುಮಾಸ್ತರ ಹೆಂಡತಿ ಕಾದು ಕಾದು, ಕೊನೆಗೊಂದು ಬೆಳಿಗ್ಗೆ ಸೀದಾ ಕಚೇರಿಗೇ ಬಂದು ಎಲ್ಲರ ಜೊತೆ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಹೇಳಿದಳು:

"ನಮ್ಮನೇಲಿ ಟಿವಿ ಬರ್ತಿಲ್ಲ."

ಗುಮಾಸ್ತರು ತಲೆಯೆತ್ತಲಿಲ್ಲ. "ಲೈನ್‌ಮನ್ ಹೊರಟಿದ್ದಾರಮ್ಮ."

"ಯಾವಾಗ ಬರ್ತಾರೆ?"

"ದಾರೀಲೇ ಇದಾರೆ. ನೀವು ಮನೆ ತಲುಪೋದರೊಳಗೆ ಬಂದು ಕಾಯ್ತಾ ಇರ್ತಾರೆ. ಮನೆ ಎಲ್ಲಿ ಬರುತ್ತಮ್ಮ?"

"ನಿಮ್ಮನೇನೇ ರೀ!"

ಸಾಲಿನಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಹೆಂಡತಿ ನಗಲಿಲ್ಲ. ಅಲ್ಲಿಂದ ನೇರವಾಗಿ ತನ್ನ ತಮ್ಮನ ಮನೆಗೆ ಹೋದಳು.

ಈ ತಮ್ಮ, ಅಂದರೆ ಗುಮಾಸ್ತರ ಬಾಮೈದ, ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿದ್ದುದರಲ್ಲಿ ಆಗಾಗ ಒಂದೊಂದು ನಿಜವೂ ಇರುತ್ತಿತ್ತು. ಸಂಜೆ ಗುಮಾಸ್ತರು ಮನೆಗೆ ಬರುವಷ್ಟರಲ್ಲಿ ಅವನು ಹಜಾರದ ನೆಲದ ತುಂಬ ಸಾಮಾನು ಹರಡಿಕೊಂಡು ಕೂತಿದ್ದ. ಒಂದು ಮರದ ಹಲಗೆ, ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರುಗಳು, ಕೆಟ್ಟ ಫ್ರಿಜ್ಜಿನೊಳಗಿಂದ ಕಿತ್ತ ಜಾಲರಿ, ಒಂದು ಸುರುಳಿ ವೈರು.

"ಏನೋ ಇದು?"

"ಆಂಟೆನಾ, ಭಾವ. ಫ್ರೀ ಚಾನೆಲ್ಲುಗಳು ಗಾಳೀಲೇ ಬರ್ತಿವೆ. ದಿನಾ ನಿಮ್ಮ ತಲೆ ಮೇಲಿಂದಲೇ ಹೋಗ್ತಿವೆ. ಹಿಡ್ಕೊಳ್ಳೋಕೆ ಇದೊಂದಿದ್ರೆ ಸಾಕು."

"ಕದ್ದ ಹಾಗಾಗಲ್ವಾ?"

"ಎಲ್ಲರೂ ನೋಡ್ಲಿ ಅಂತಲೇ ಬಿಟ್ಟಿರೋದು ಭಾವ. ಯಾರ ಪರ್ಮಿಶನ್ನೂ ಬೇಡ. ಗಾಳಿ ಕುಡಿಯೋಕೆ ಯಾರನ್ನಾದರೂ ಕೇಳ್ತೀರಾ?"

"ಗಾಳಿ ಕುಡಿದರೆ ನಮ್ಮ ಮಾಲೀಕರಿಗೆ ಬೇಜಾರಿಲ್ಲ. ಇದು ಗೊತ್ತಾದರೆ ನನ್ನ ಕೆಲಸ ಹೋಗುತ್ತೆ ಕಣೋ! ಕೇಬಲ್ ಆಫೀಸಿನವನ ಮನೆ ಮೇಲೇ ಆಂಟೆನಾ! ಕ್ಯಾಲೆಂಡರಿಗೇ ಒಬ್ಬನ್ನ ಮನೆಗೆ ಕಳಿಸಿದಾರೆ. ಈ ವಯಸ್ಸಲ್ಲಿ ನನಗೆ ಇನ್ಯಾರು ಕೆಲಸ ಕೊಡ್ತಾರೆ? ನನಗೆ ಬರೋದೇ ಒಂದು ವಾಕ್ಯ."

"ಇದು ಆಂಟೆನಾ ಅಂತ ಗೊತ್ತಾದರೆ ತಾನೆ?" ಎಂದು ಬಾಮೈದ ಹಲಗೆಯನ್ನು ಎತ್ತಿ ತೋರಿಸಿದ. "ನೋಡಿ. ನಿಮಗೇನಾದರೂ ಆಂಟೆನಾ ಥರ ಕಾಣುತ್ತಾ?"

ನಿಜಕ್ಕೂ ಕಾಣುತ್ತಿರಲಿಲ್ಲ. ಹ್ಯಾಂಗರುಗಳನ್ನು ಕತ್ತರಿಸಿ ಬಗ್ಗಿಸಿ ಹಲಗೆಯ ಎರಡೂ ಬದಿಗೆ ಕೊಂಬು ಕೊಂಬಾಗಿ ಬಿಗಿದಿದ್ದ. ಬೆನ್ನಿಗೆ ಫ್ರಿಜ್ಜಿನ ಜಾಲರಿ. ಯಾವುದೋ ಪ್ರಾಣಿಯನ್ನು ಹಿಡಿಯಲು ಹೋಗಿ ಅರ್ಧಕ್ಕೆ ಕೈಬಿಟ್ಟ ಬೋನಿನ ಹಾಗಿತ್ತು. ಕಸುಬಿನವರಿಗೆ ಬಿಟ್ಟರೆ ಇನ್ಯಾರಿಗೂ ಅದರ ಗುರುತು ಸಿಗುವಂತಿರಲಿಲ್ಲ. ಗುಮಾಸ್ತರ ದುರದೃಷ್ಟಕ್ಕೆ ಮಾಲೀಕರು ಕಸುಬಿನವರು.

ಮರುದಿನ ಬೆಳಿಗ್ಗೆ ಅದು ತಾರಸಿ ಹತ್ತಿತು. ಗುಮಾಸ್ತರು ಕಂಬವನ್ನು ತಬ್ಬಿಕೊಂಡು ತಿರುಗಿಸುವುದು, ಕೆಳಗೆ ಹೆಂಡತಿ ಟಿವಿ ನೋಡಿ ಹೇಳುವುದು, ಮೆಟ್ಟಿಲ ನಡುವೆ ನಿಂತ ಬಾಮೈದ ಅದನ್ನು ಮೇಲಕ್ಕೆ ಮುಟ್ಟಿಸುವುದು ಎಂದು ಏರ್ಪಾಟಾಗಿತ್ತು.

"ಬಂತು ಭಾವ! ಹೋಯ್ತು! ಬಂತು ಬಂತು! ಅಯ್ಯೋ, ಹೋಯ್ತು!" ಎಂದು ಬಾಮೈದ ಬೀದಿಗೆಲ್ಲ ಕೇಳುವಂತೆ ಕಿರುಚಿದ.

"ಮೆತ್ತಗೆ ಹೇಳೋ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಗುಮಾಸ್ತರು ಮೇಲಿನಿಂದ ಗೋಗರೆದರು. ಎದುರು ಮನೆಯ ಟೈಲರಮ್ಮ ಹೊಲಿಗೆ ನಿಲ್ಲಿಸಿ, ಇವರ ಮನೆಯಲ್ಲಿ ಯಾರಿಗೋ ಜ್ಞಾನ ಬಂದು ಹೋಗುತ್ತಿದೆಯೆಂದು ತಿಳಿದು ನೀರಿನ ಚೊಂಬು ಹಿಡಿದು ಓಡಿಬಂದಳು. ಅವಳನ್ನು ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸುವಷ್ಟರಲ್ಲಿ ಗುಮಾಸ್ತರ ಹೆಂಡತಿಗೆ ಸಾಕಾಯಿತು.

ಕೊನೆಗೆ ಚಿತ್ರ ನಿಂತಿತು. ಅಂಥ ನಿಚ್ಚಳ ಚಿತ್ರವನ್ನು ಕೇಬಲ್ಲಿನಲ್ಲಿ ಆ ಮನೆ ಎಂದೂ ಕಂಡಿರಲಿಲ್ಲ. ಆದರೆ ಗುಮಾಸ್ತರು ತಾರಸಿಯ ಮೇಲೆ ಕಂಬ ಹಿಡಿದುಕೊಂಡೇ ಬಿಳಿಚಿಕೊಂಡರು. ಯಂತ್ರದ ಮುಖ ಎತ್ತ ತಿರುಗಿತ್ತೋ ಆ ನೇರಕ್ಕೆ, ಮನೆಗಳ ಆಚೆ, ಕೇಬಲ್ ಕಚೇರಿಯ ಮಹಡಿ ಇತ್ತು. ಮಾಲೀಕರು ದಿನಾ ಚಹಾದ ಲೋಟ ಹಿಡಿದು ನಿಲ್ಲುವ ಕಿಟಕಿಗೆ ಎದುರಾಗಿ ತಮ್ಮ ಯಂತ್ರ ಕೊಂಬು ಚಾಚಿ ನಿಂತಿತ್ತು.

"ಸ್ವಲ್ಪ ಆ ಕಡೆ ತಿರುಗಿಸೋಣ್ವಾ?" ಎಂದರು.

"ತಿರುಗಿಸಿದರೆ ಹೋಗುತ್ತೆ ಭಾವ," ಎಂದ ಬಾಮೈದ.

"ನೀವು ಅದನ್ನ ಮುಟ್ಟಿದರೆ ನೋಡಿ ಮತ್ತೆ!" ಎಂದು ಕೆಳಗಿನಿಂದ ಹೆಂಡತಿಯ ದನಿ ಬಂತು. ಅಲ್ಲಿಗೆ ಮಾತು ಮುಗಿಯಿತು. ಗುಮಾಸ್ತರು ವೈರನ್ನು ಹೂಕುಂಡಗಳ ಹಿಂದೆ ಮರೆಸಿ ಕೆಳಗಿಳಿದರು.

ಅಂದಿನಿಂದ ಅವರ ಪಾಡು ಯಾರಿಗೂ ಬೇಡ. ಕಚೇರಿಯಲ್ಲಿ ಮಾಲೀಕರು ಕಿಟಕಿಗೆ ಹೋದರೆ ಇವರ ನಾಲಿಗೆ ಒಣಗುತ್ತಿತ್ತು. ಮಾಲೀಕರು ಹೊರಗೆ ನೋಡಿ "ಹ್ಞೂಂ" ಎಂದರೆ ಕೈಯಿಂದ ಪೆನ್ನು ಜಾರುತ್ತಿತ್ತು. ಬೀದಿಯಲ್ಲಿ ಯಾರಾದರೂ ಏಣಿ ಹೊತ್ತು ಹೋದರೆ ಮನೆಯೊಳಗೆ ಓಡಿ ಟಿವಿಯ ಮೇಲೆ ಹೊದಿಕೆ ಎಸೆಯುತ್ತಿದ್ದರು. ಹೆಂಡತಿ ಹೊದಿಕೆ ತೆಗೆದು ಮತ್ತೆ ನೋಡತೊಡಗುತ್ತಿದ್ದಳು.

ಆಪತ್ತು ಬಂದದ್ದು ಏಣಿಯ ಮೂಲಕವಲ್ಲ, ಪಕ್ಕದ ಮನೆಯ ತಾರಸಿಯಿಂದ. ಅಲ್ಲಿ ನಿವೃತ್ತ ಹೆಡ್‌ಮಾಸ್ತರೊಬ್ಬರು ವಾಸವಾಗಿದ್ದರು. ಶಾಲೆ ಅವರನ್ನು ಬಿಟ್ಟಿತ್ತು, ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಬೀದಿಯವರೆಲ್ಲ ಅವರ ವಿದ್ಯಾರ್ಥಿಗಳೇ. ಗುಮಾಸ್ತರು ಒಂದು ಸಂಜೆ ಬಟ್ಟೆ ತೆಗೆಯಲೆಂದು ತಾರಸಿಗೆ ಹೋದಾಗ ಗೋಡೆಯಾಚೆಯಿಂದ ದನಿ ಬಂತು.

"ನಿಂತ್ಕೊಳ್ಳಿ!"

ಗುಮಾಸ್ತರು ಬಟ್ಟೆಗಳನ್ನು ಎದೆಗೊತ್ತಿಕೊಂಡು ನಿಂತರು.

"ಏನದು?"

ಗುಮಾಸ್ತರು ತಿರುಗಿ ನೋಡಿದರು. ಯಂತ್ರದ ಕೊಂಬಿನ ಮೇಲೆ ಒಂದು ಪಾರಿವಾಳ ಕೂತಿತ್ತು. "ಪಾರಿವಾಳ ಸಾರ್."

"ಪಾರಿವಾಳ ನನಗೂ ಕಾಣುತ್ತೆ. ಅದು ಕೂತಿರೋದು ಯಾವುದರ ಮೇಲೆ?"

ಭಯದಲ್ಲಿ ಮನುಷ್ಯನ ಬುದ್ಧಿ ಎರಡು ರೀತಿ ಓಡುತ್ತದೆ. ಚುರುಕಾಗಿ ಓಡುವುದು ಒಂದು ರೀತಿ. ಗುಮಾಸ್ತರದು ಇನ್ನೊಂದು. ಅವರ ಬಾಯಿಯಲ್ಲಿ ಆಗಲೇ ಪಾರಿವಾಳ ಎಂಬ ಶಬ್ದ ಇತ್ತು. ಅದನ್ನು ಬಿಟ್ಟು ಬೇರೆ ಶಬ್ದ ಹುಡುಕುವ ತ್ರಾಣ ಅವರಿಗಿರಲಿಲ್ಲ.

"ಪಾರಿವಾಳ... ಓಡಿಸೋ ಯಂತ್ರ ಸಾರ್."

ಹೆಡ್‌ಮಾಸ್ತರು ಕನ್ನಡಕ ಏರಿಸಿದರು. "ಓಡಿಸೋ ಯಂತ್ರದ ಮೇಲೆ ಅದು ಕೂತಿದೆಯಲ್ಲ?"

"ಅದಕ್ಕಿನ್ನೂ ಗೊತ್ತಾಗಿಲ್ಲ ಸಾರ್."

ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಹೆಂಡತಿ ಚಾಪೆಯನ್ನು ಗೋಡೆಗೆ ಬಡಿದು ಧೂಳು ಕೊಡವಿದಳು. ಪಟಾರ್ ಎಂಬ ಸದ್ದಿಗೆ ಯಂತ್ರದ ಮೇಲಿನ ಪಾರಿವಾಳವಷ್ಟೇ ಅಲ್ಲ, ಹೆಡ್‌ಮಾಸ್ತರ ನೀರಿನ ಟ್ಯಾಂಕಿನ ಮೇಲೆ ವರ್ಷಗಳಿಂದ ಸಂಸಾರ ಹೂಡಿದ್ದ ಇಡೀ ಹಿಂಡೇ ಭರ್ರನೆ ಎದ್ದು ಹಾರಿಹೋಯಿತು. ಹೆಡ್‌ಮಾಸ್ತರು ಬಾಯಿ ತೆರೆದು ಆಕಾಶ ನೋಡಿದರು. ಆಮೇಲೆ ಯಂತ್ರವನ್ನು ನೋಡಿದರು. ಆಮೇಲೆ ಗುಮಾಸ್ತರನ್ನು ಎಂದೂ ನೋಡದಿದ್ದ ಗೌರವದಿಂದ ನೋಡಿದರು.

"ಭೇಷ್! ನಾಳೆಯೊಳಗೆ ನನಗೂ ಒಂದು ಬೇಕು."

ಇಲ್ಲವೆನ್ನುವುದು ಗುಮಾಸ್ತರಿಗೆ ತಿಳಿಯದ ವಿದ್ಯೆ. ಇಲ್ಲವೆಂದರೆ ಯಾಕೆಂದು ಕೇಳುತ್ತಾರೆ, ಯಾಕೆಂದು ಕೇಳಿದರೆ ಬಾಯಿ ತಪ್ಪಿ ನಿಜ ಬರುತ್ತದೆ. ಮರುದಿನ ಹೆಡ್‌ಮಾಸ್ತರು ತಮ್ಮ ಕೋಟಿನ ಹ್ಯಾಂಗರುಗಳನ್ನೆಲ್ಲ ಹೊತ್ತು ತಂದರು. ಬಾಮೈದ ಸಂತೋಷದಿಂದ ಕೆಲಸಕ್ಕೆ ಕೂತ. ಅವನ ಕಲೆಗೆ ಅದೇ ಮೊದಲ ಬಾರಿ ಮೆಚ್ಚುಗೆ ಸಿಕ್ಕಿತ್ತು.

"ವೈರು ಮಾತ್ರ ಹಾಕಬೇಡಿ ಸಾರ್," ಎಂದು ಗುಮಾಸ್ತರು ಹೆಡ್‌ಮಾಸ್ತರ ಕೈ ಹಿಡಿದುಕೊಂಡರು. "ವೈರು ಹಾಕಿದರೆ ಪಾರಿವಾಳ ಸತ್ತುಹೋಗುತ್ತೆ. ಪಾಪ ಬರುತ್ತೆ."

"ಜೀವಹಿಂಸೆ ನನಗೂ ಆಗಲ್ಲ," ಎಂದರು ಹೆಡ್‌ಮಾಸ್ತರು.

ಕಂಬ ನಿಲ್ಲಿಸುವಾಗ ಸುತ್ತಿಗೆಯ ಪೆಟ್ಟಿಗೆ ಬೆದರಿದ ಪಾರಿವಾಳಗಳು ಎದುರಿನ ಟೈಲರಮ್ಮನ ತಾರಸಿಗೆ ಹೋಗಿ ಕೂತವು. ಮರುದಿನ ಟೈಲರಮ್ಮ ಹ್ಯಾಂಗರು ಹಿಡಿದು ಬಂದಳು. ಅಲ್ಲಿ ಸುತ್ತಿಗೆ ಬಡಿದಾಗ ಅವು ಬೇಕರಿಯವನ ತಾರಸಿಗೆ ಹೋದವು. ಬೇಕರಿಯವನು ಬಂದ. ಹೀಗೆ ಪಾರಿವಾಳಗಳು ಯಾವ ಮನೆ ತೋರಿಸುತ್ತವೋ ಆ ಮನೆಗೆ ಯಂತ್ರ ಏರಿತು. ಎಲ್ಲ ಮನೆಗಳೂ ಮುಗಿದ ಮೇಲೆ, ಹೋಗಲು ಬೇರೆ ಜಾಗವಿಲ್ಲದೆ, ಅವು ವಾಪಸ್ಸು ಬಂದು ಆಯಾ ಮನೆಯ ಯಂತ್ರದ ಕೊಂಬುಗಳ ಮೇಲೆಯೇ ಆರಾಮಾಗಿ ಕೂತವು. ಆದರೆ ಅಷ್ಟು ಶ್ರಮಪಟ್ಟು ಮಾಡಿಸಿದ್ದು ಕೆಲಸ ಮಾಡುತ್ತಿಲ್ಲವೆಂದು ಮೊದಲು ಹೇಳುವವರಾರು? "ಮೊದಲಿಗಿಂತ ಎಷ್ಟೋ ವಾಸಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಒಂದೊಂದು ಯಂತ್ರ ಒಂದೊಂದು ಕಡೆ ಮುಖ ಮಾಡಿದ್ದು ಹೆಡ್‌ಮಾಸ್ತರಿಗೆ ಸರಿಬೀಳಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವಂತೆ, ತಾರಸಿಯಿಂದ ತಾರಸಿಗೆ ಕೂಗಿ, ಎಲ್ಲವನ್ನೂ ಗುಮಾಸ್ತರ ಯಂತ್ರದ ನೇರಕ್ಕೆ ತಿರುಗಿಸಿ ಸಾಲು ಸರಿ ಮಾಡಿಸಿದರು. ಗುಮಾಸ್ತರು ಮನೆಯೊಳಗೆ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಆ ಕೂಗನ್ನು ಕೇಳಿದರು. ಈಗ ಇಡೀ ಬೀದಿಯೇ ಮಾಲೀಕರ ಕಿಟಕಿಯತ್ತ ಕೊಂಬು ಚಾಚಿತ್ತು.

ಆ ವಾರವೇ ಹೆಡ್‌ಮಾಸ್ತರ ಮನೆಯ ಕೇಬಲ್ ಕೆಟ್ಟಿತು. ಅವರು ಕಚೇರಿಯ ಕಿಟಕಿಗೆ ಬಂದಾಗ ಗುಮಾಸ್ತರು ಬಾಯಿ ತೆರೆದರು. ಹೆಡ್‌ಮಾಸ್ತರು ಕೈಯೆತ್ತಿ ತಡೆದರು.

"ಲೈನ್‌ಮನ್ ಬಂದಾಗ ಬರಲಿ. ನಾನು ನಿಮ್ಮ ಮಾಲೀಕರನ್ನ ನೋಡಬೇಕು. ನಿಮ್ಮಂಥೋರನ್ನ ಈ ಮುರುಕು ಕುರ್ಚೀಲಿ ಕೂರಿಸಿದಾರಲ್ಲ, ಅವರಿಗೆ ನಿಮ್ಮ ಬೆಲೆ ಗೊತ್ತಿಲ್ಲ. ನಾನು ಹೇಳ್ತೀನಿ."

"ಬೇಡ ಸಾರ್! ನನಗೆ ಬೆಲೆ ಏನೂ ಇಲ್ಲ ಸಾರ್!"

ಆದರೆ ಹೆಡ್‌ಮಾಸ್ತರು ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಮಾಲೀಕರದು ಪಿಸುದನಿ, ಹೆಡ್‌ಮಾಸ್ತರದು ಮೈದಾನದ ದನಿ. ಪ್ಲೈವುಡ್ ಗೋಡೆಗೆ ಕಿವಿಯಾನಿಸಿದ ಗುಮಾಸ್ತರಿಗೆ ಅರ್ಧ ಸಂಭಾಷಣೆ ಮಾತ್ರ ಕೇಳಿಸಿತು.

"ಹೌದು, ತಾರಸಿ ಮೇಲೇ!"

ಮೌನ.

"ಸ್ವಂತ ಕೈಯಿಂದ!"

ಮೌನ.

"ಇಡೀ ಬೀದಿಗೆ ಹಾಕಿಸಿದಾರೆ ಅಂದ್ರೆ ನೋಡಿ!"

ಈ ಸಲದ ಮೌನ ಬಹಳ ಹೊತ್ತು ಇತ್ತು. ಗುಮಾಸ್ತರು ಆನಿಸಿದ ಕಿವಿ ಗೋಡೆಗೇ ಅಂಟಿಕೊಂಡಂತಾಯಿತು. ಬಾಗಿಲು ತೆರೆದು ಮಾಲೀಕರು ಹೊರಗೆ ಬಂದಾಗಲೂ ಅವರು ಹಾಗೆಯೇ ನಿಂತಿದ್ದರು. ಮಾಲೀಕರು ಅವರ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ, ಬಹಳ ಮೆತ್ತಗೆ ಹೇಳಿದರು:

"ನೀನು ಇಂಥ ಯಂತ್ರ ಮಾಡಿದೀಯ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲಯ್ಯ. ನಮ್ಮ ಡಿಶ್ಶುಗಳ ಮೇಲೆಲ್ಲ ಪಾರಿವಾಳ ಗಲೀಜು ಮಾಡಿ ಹಾಳುಮಾಡಿವೆ. ಭಾನುವಾರ ನಿನ್ನ ಮನೆಗೆ ಬರ್ತೀನಿ. ನೋಡಬೇಕು."

ಅದು ಮೆಚ್ಚುಗೆಯ ಮೆತ್ತನೆಯೋ ಕೋಪದ ಮೆತ್ತನೆಯೋ ಗುಮಾಸ್ತರಿಗೆ ತಿಳಿಯಲಿಲ್ಲ. ಹೇಗಿದ್ದರೂ ಭಾನುವಾರ ಎರಡೂ ಒಂದೇ ಆಗುವುದಿತ್ತು.

ಮನೆಯಲ್ಲಿ ಸುದ್ದಿ ಕೇಳಿ ಹೆಂಡತಿಯೂ ಮೊದಲ ಬಾರಿಗೆ ಹೆದರಿದಳು. "ಕಿತ್ತುಹಾಕಿಬಿಡಿ ರೀ. ನನಗೆ ಟಿವಿ ಬೇಡ, ಏನೂ ಬೇಡ. ನಿಮ್ಮ ಕೆಲಸ ಉಳಿದರೆ ಸಾಕು," ಎಂದಳು. ಬಾಮೈದನಿಗೆ ಹೇಳಿ ಕಳಿಸಿದರೆ ಅವನಿಗೆ ಇದ್ದಕ್ಕಿದ್ದಂತೆ ಊರಾಚೆ ಕೆಲಸ ಬಂದಿತ್ತು. ಗುಮಾಸ್ತರು ಶನಿವಾರ ಸಂಜೆ ಸ್ಕ್ರೂಡ್ರೈವರ್ ಹಿಡಿದು ತಾವೇ ತಾರಸಿಗೆ ಹೋದರು. ಮೊದಲ ಸ್ಕ್ರೂಗೆ ಕೈ ಹಾಕಿದ್ದೇ ತಡ, ಗೋಡೆಯಾಚೆ ಕನ್ನಡಕ ಮಿಂಚಿತು.

"ಏನು ಮಾಡ್ತಿದೀರಿ?"

"ಬಿಗಿ... ಬಿಗಿ ಮಾಡ್ತಿದೀನಿ ಸಾರ್."

"ಒಳ್ಳೇದು. ನಾಳೆ ದೊಡ್ಡವರು ಬರ್ತಾರೆ. ಎಲ್ಲಾ ಬಿಗಿ ಮಾಡಿ. ನಾನು ನೋಡ್ತಿರ್ತೀನಿ."

ಅವರು ಕುರ್ಚಿ ತರಿಸಿ ಹಾಕಿಕೊಂಡು ಕೂತೇಬಿಟ್ಟರು. ಗುಮಾಸ್ತರು ಒಂದೊಂದಾಗಿ ಎಲ್ಲ ಸ್ಕ್ರೂಗಳನ್ನೂ ಬಿಗಿ ಮಾಡಿದರು. ಸಡಿಲವಾಗಿದ್ದವನ್ನು ಹೆಡ್‌ಮಾಸ್ತರು ಬೆರಳು ತೋರಿಸಿ ಮತ್ತೊಮ್ಮೆ ಬಿಗಿಸಿದರು. ಕೆಲಸ ಮುಗಿದಾಗ ಆ ಯಂತ್ರವನ್ನು ಕೀಳಬೇಕೆಂದರೆ ತಾರಸಿಯನ್ನೇ ಒಡೆಯಬೇಕಾಗುವಂತಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಕೊನೆಯ ಉಪಾಯವಾಗಿ ಅದರ ಮೇಲೆ ಒದ್ದೆ ಬೆಡ್‌ಶೀಟು ಹರವಿದಳು. ಹೆಡ್‌ಮಾಸ್ತರು ಗೋಡೆಯ ಮೇಲಿಂದ ಕೋಲು ಚಾಚಿ ಅದನ್ನು ಎಳೆದುಹಾಕಿದರು. "ಯಂತ್ರ ಮುಚ್ಚಿಟ್ಟರೆ ಪಾರಿವಾಳಕ್ಕೆ ಹೇಗಮ್ಮ ಕಾಣಬೇಕು?" ಎಂದು ಗದರಿದರು. ಬೀದಿಯವರೆಲ್ಲ ತಮ್ಮ ತಮ್ಮ ತಾರಸಿಯ ಮೇಲೆ, ತಮ್ಮ ತಮ್ಮ ಯಂತ್ರದ ಪಕ್ಕದಲ್ಲಿ, ಒಗೆದ ಬಟ್ಟೆ ತೊಟ್ಟು ನಿಂತಿದ್ದರು. ಇದೂ ಹೆಡ್‌ಮಾಸ್ತರ ಏರ್ಪಾಟೇ.

ಮಾಲೀಕರು ಬಂದರು. ಕೆಳಗೆ ಕೊಟ್ಟ ಚಹಾವನ್ನು ಆಮೇಲೆಂದು ಬದಿಗಿಟ್ಟು ಮೆಟ್ಟಿಲು ಹತ್ತಿದರು. ಹಿಂದೆ ಗುಮಾಸ್ತರು ಗೋಡೆ ಹಿಡಿದುಕೊಂಡು ಹತ್ತಿದರು. ಹೆಂಡತಿ ಮೆಟ್ಟಿಲ ಕೆಳಗೆ ಸೆರಗು ಬಾಯಿಗೊತ್ತಿಕೊಂಡು ನಿಂತಳು. ಕೆಲಸ ಹೋದ ಸುದ್ದಿಯನ್ನು ಕೂತು ಕೇಳುವುದೋ ನಿಂತು ಕೇಳುವುದೋ ಅವಳಿಗೆ ತೋಚಲಿಲ್ಲ.

ಮಾಲೀಕರು ಯಂತ್ರದ ಮುಂದೆ ನಿಂತರು. ಹ್ಯಾಂಗರಿನ ಕೊಂಬುಗಳನ್ನು ನೋಡಿದರು. ಬಗ್ಗಿ ಫ್ರಿಜ್ಜಿನ ಜಾಲರಿಯನ್ನು ನೋಡಿದರು. ಬೆರಳಿನಿಂದ ವೈರನ್ನು ಹಿಡಿದು, ಅದರ ಜೊತೆಯಲ್ಲೇ ಹೂಕುಂಡಗಳ ಹಿಂದೆ ನಡೆದು, ಅದು ಗೋಡೆಯ ತೂತಿನಲ್ಲಿ ಇಳಿದು ಹೋಗುವುದನ್ನು ನೋಡಿದರು. ಅದೇ ಹೊತ್ತಿಗೆ ಆ ತೂತಿನಿಂದ ಟಿವಿಯ ವಾರ್ತೆ ಓದುವವಳ ದನಿ ಸಣ್ಣಗೆ ಕೇಳಿಬಂತು. ಗಾಬರಿಯಲ್ಲಿ ಹೆಂಡತಿ ಅದನ್ನು ಆರಿಸುವುದನ್ನೇ ಮರೆತಿದ್ದಳು.

ಮಾಲೀಕರು ಬಹಳ ನಿಧಾನವಾಗಿ ತಿರುಗಿದರು. ಅವರ ತುಟಿ ಅಲುಗಿತು. ದನಿ ಎಷ್ಟು ಇಳಿದಿತ್ತೆಂದರೆ ಗುಮಾಸ್ತರು ತುಟಿ ನೋಡಿಯೇ ತಿಳಿದುಕೊಳ್ಳಬೇಕಾಯಿತು.

"ಇದು ಆಂಟೆನಾ."

"ಹೌದು ಸಾರ್," ಎಂದರು ಗುಮಾಸ್ತರು.

"ನನ್ನ ಅನ್ನ ತಿಂದು, ನನ್ನ ಆಫೀಸಲ್ಲಿ ಕೂತು, ನೀನು..."

"ಸಾರ್!" ಎಂದು ಪಕ್ಕದ ತಾರಸಿಯಿಂದ ಹೆಡ್‌ಮಾಸ್ತರು ಗರ್ಜಿಸಿದರು. "ಹೇಗಿದೆ ನಮ್ಮ ಯಂತ್ರ? ಎಲ್ಲರ ಮನೆ ಮೇಲೂ ಇದೆ, ನೋಡಿ! ಒಂದೇ ಸಾಲು! ಒಂದೇ ದಿಕ್ಕು!"

ಮಾಲೀಕರು ತಲೆಯೆತ್ತಿದರು. ಕಚೇರಿಯ ಕಿಟಕಿಯಿಂದ ಅಷ್ಟು ದೂರಕ್ಕೆ ಇವೆಲ್ಲ ಬಟ್ಟೆ ಒಣಹಾಕುವ ತಂತಿಗಳಂತೆ ಕಂಡಿದ್ದವು; ಆಗಲೇ ಅವರು ಬೀದಿಯನ್ನು ಸರಿಯಾಗಿ ನೋಡಿದ್ದು. ಪ್ರತಿ ತಾರಸಿಯ ಮೇಲೂ ಆಂಟೆನಾ. ಪ್ರತಿಯೊಂದೂ ಸರಿಯಾದ ದಿಕ್ಕಿಗೆ ತಿರುಗಿದ ಆಂಟೆನಾ. ಪ್ರತಿಯೊಂದರ ಪಕ್ಕದಲ್ಲೂ ತಮ್ಮದೇ ಗಿರಾಕಿ, ಕೈ ಬೀಸುತ್ತ ನಿಂತಿದ್ದಾನೆ. ಮಾಲೀಕರ ಮುಖದ ಬಣ್ಣ ಇಳಿಯಿತು. ಗುಮಾಸ್ತರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇವರಿಗೆ ಗೊತ್ತಾ, ಇದು ಏನು ಅಂತ?"

"ಇಲ್ಲ ಸಾರ್. ಪಾರಿವಾಳಕ್ಕೆ ಅಂತಲೇ ತಿಳ್ಕೊಂಡಿದಾರೆ. ವೈರು ಹಾಕಿಲ್ಲ."

"ವೈರು ಹಾಕಿ ಟಿವಿಗೆ ಸಿಕ್ಕಿಸಿದರೆ?"

"ಎಲ್ಲರ ಮನೇಲೂ ಬರುತ್ತೆ ಸಾರ್. ನಿಚ್ಚಳವಾಗಿ."

"ಈಗ ನಿನ್ನ ಕೆಲಸದಿಂದ ತೆಗೆದರೆ..."

"ಯಾಕೆ ತೆಗೆದರಿ ಅಂತ ಹೆಡ್‌ಮಾಸ್ತರು ಕೇಳ್ತಾರೆ ಸಾರ್. ಅವರು ಯಾಕೆ ಅಂತ ಕೇಳಿದರೆ ನನಗೆ ಬಾಯಿ ತಪ್ಪಿ ನಿಜ ಬಂದುಬಿಡುತ್ತೆ."

ಗುಮಾಸ್ತರು ಇದನ್ನು ಬೆದರಿಕೆಯಾಗಿ ಹೇಳಿರಲಿಲ್ಲ. ತಮ್ಮ ದೌರ್ಬಲ್ಯ ತೋಡಿಕೊಂಡಿದ್ದರು, ಅಷ್ಟೆ. ಆದರೆ ಮಾಲೀಕರ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು.

"ಸಾರ್, ಕೇಳಿಸಲಿಲ್ಲ! ಯಂತ್ರ ಹೇಗಿದೆ?" ಎಂದರು ಹೆಡ್‌ಮಾಸ್ತರು.

"ಚೆನ್ನಾಗಿದೆ!" ಎಂದು ಮಾಲೀಕರು ಕೂಗಿದರು. ಅವರು ಕೂಗಿದ್ದನ್ನು ಗುಮಾಸ್ತರು ಅದೇ ಮೊದಲು ಕೇಳಿದ್ದು. ದನಿ ಅಭ್ಯಾಸವಿಲ್ಲದೆ ಕೀರಲಾಗಿತ್ತು. "ಒಳ್ಳೇ ಯಂತ್ರ! ಪಾರಿವಾಳಕ್ಕೆ ಇದಕ್ಕಿಂತ ಬೇರೆ ಇಲ್ಲ!"

ಬೀದಿ ಚಪ್ಪಾಳೆ ತಟ್ಟಿತು. ಕೊಂಬುಗಳ ಮೇಲಿದ್ದ ಪಾರಿವಾಳಗಳು ಸ್ವಲ್ಪ ಸರಿದು ಕೂತವು.

ಎದುರಿನ ತಾರಸಿಯಿಂದ ಟೈಲರಮ್ಮ ಕೈಯೆತ್ತಿದಳು. ಅವಳ ಕೈಯಲ್ಲಿ ಹೊಲಿಗೆ ಯಂತ್ರದ ಹಳೆಯ ವೈರೊಂದಿತ್ತು. "ಅಲ್ಲ ಸಾರ್, ಅವರದಕ್ಕೆ ವೈರಿದೆ. ನಮಗೆ ಮಾತ್ರ ಯಾಕೆ ಬೇಡ ಅಂದ್ರು? ನಾನೂ ಇದನ್ನ ಸಿಕ್ಕಿಸಿ ಒಳಗೆ ತಗೊಂಡು ಹೋಗ್ಲಾ?"

"ಬೇಡ!" ಎಂದು ಮಾಲೀಕರು ಎದೆ ಬಿರಿಯುವಂತೆ ಕಿರುಚಿದರು. "ಅದು... ಅದು ಸಿಡಿಲಿಗೆ ಹಾಕಿರೋ ವೈರು!"

ಬೀದಿಯಲ್ಲಿ ಗುಜುಗುಜು ಎದ್ದಿತು. ಬೇಕರಿಯವನು ಮುಂದೆ ಬಂದ. "ಸಿಡಿಲು ಅವರ ಮನೆಗೆ ಮಾತ್ರ ಬೀಳುತ್ತಾ? ನಮಗೂ ಹಾಕಿಸಿಕೊಡಿ ಮತ್ತೆ!"

"ಹೌದು, ನಮಗೂ ವೈರು ಬೇಕು!" ಎಂದು ನಾಲ್ಕೂ ಕಡೆಯಿಂದ ಕೂಗು ಎದ್ದಿತು.

ಮಾಲೀಕರು ಗುಮಾಸ್ತರ ಬೆನ್ನ ಹಿಂದೆ ಸರಿದರು. ಜೀವಮಾನದಲ್ಲಿ ಗಿರಾಕಿಗಳನ್ನು ಎದುರಿಸಿ ಅಭ್ಯಾಸವಿದ್ದವರಲ್ಲ ಅವರು. ಅದಕ್ಕೆಂದೇ ಒಬ್ಬ ಗುಮಾಸ್ತನನ್ನು ಇಟ್ಟಿದ್ದರು. ಆ ಗುಮಾಸ್ತರು ಈಗ ತಾರಸಿಯ ಅಂಚಿಗೆ ಬಂದು ನಿಂತರು. ಅವರ ಕಣ್ಣು ಬೆದರಿತ್ತು, ಹಣೆ ಬೆವರಿತ್ತು, ತುಟಿ ನಡುಗುತ್ತಿತ್ತು. ಅಂದರೆ ಕೆಲಸಕ್ಕೆ ಬೇಕಾದದ್ದೆಲ್ಲ ಮುಖದ ಮೇಲೆ ಸಿದ್ಧವಾಗಿತ್ತು.

"ನೋಡಿ," ಎಂದರು. "ಒಂದು ಬೀದಿಗೆ ಒಂದೇ ವೈರು. ಎರಡಾದರೆ ಯಾವ ಮನೆಗೆ ಹೋಗಬೇಕು ಅಂತ ಸಿಡಿಲಿಗೆ ಗೊತ್ತಾಗದೆ ಎಲ್ಲರ ಮನೆಗೂ ಬರುತ್ತೆ. ಬೀದಿಗೆ ಒಳ್ಳೇದಾಗಲಿ ಅಂತ ನಾನು ನಮ್ಮನೆಗೇ ಹಾಕ್ಕೊಂಡಿದೀನಿ. ಬೀಳೋದಾದರೆ ನಮ್ಮ ಮೇಲೇ ಬೀಳಲಿ."

ಟೈಲರಮ್ಮ ಕಣ್ಣೊರೆಸಿಕೊಂಡು ವೈರನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬೇಕರಿಯವನು ನಾಚಿ ತಲೆ ತಗ್ಗಿಸಿದ. ಹೆಡ್‌ಮಾಸ್ತರು ಗದ್ಗದಿತರಾಗಿ, "ಸಾರ್, ಇಂಥೋರನ್ನ ನೀವು ಯಾವತ್ತೂ ಕೈಬಿಡಬಾರದು. ಬಿಟ್ಟರೆ ನಾನು ಸುಮ್ನಿರಲ್ಲ. ಯಾಕೆ ಬಿಟ್ಟಿರಿ ಅಂತ ಬಂದು ಕೇಳ್ತೀನಿ!" ಎಂದರು.

"ಇಲ್ಲ, ಇಲ್ಲ, ಬಿಡಲ್ಲ," ಎಂದರು ಮಾಲೀಕರು. ಅವರ ದನಿ ಬಿದ್ದುಹೋಗಿತ್ತು, ಈ ಸಲ ಕೋಪದಿಂದಲ್ಲ.

ಇಳಿಯುವಾಗ ಮಾಲೀಕರು ಮೆಟ್ಟಿಲ ತಿರುವಿನಲ್ಲಿ ನಿಂತು, ಮೇಲೆ ಯಾರೂ ಇಲ್ಲವೆಂದು ನೋಡಿಕೊಂಡರು. ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟರು.

"ನಿಮಗೆ ಕೆಲಸ ಬಿಡೋ ಯೋಚನೆ ಏನೂ ಇಲ್ಲ ತಾನೆ?"

ಅಷ್ಟು ವರ್ಷಗಳಲ್ಲಿ ಮಾಲೀಕರ ಬಾಯಲ್ಲಿ 'ನೀವು' ಎಂದು ಗುಮಾಸ್ತರು ಕೇಳಿದ್ದು ಇದೇ ಮೊದಲು. ಯಾರ ಜೊತೆ ಮಾತಾಡುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದರು.

"ಇಲ್ಲ ಸಾರ್."

"ಬೇರೆ ಯಾರಾದರೂ ಕರೆದರೂ ಹೋಗಬೇಡಿ. ಏನೇ ಇದ್ದರೂ ನನ್ನ ಹತ್ತಿರ ಹೇಳಿ. ಆ ಕುರ್ಚಿ ನಾಳೆಯೇ ಬದಲಾಯಿಸ್ತೀನಿ." ಆಮೇಲೆ ಇನ್ನೂ ಏನೋ ಗುಮಾಸ್ತರ ಕಿವಿಯಲ್ಲಿ ಉಸುರಿ, ಕೆಳಗಿಳಿದು, ಬದಿಗಿಟ್ಟಿದ್ದ ಚಹಾ ಆರಿಹೋಗಿದ್ದರೂ ಒಂದೇ ಗುಟುಕಿಗೆ ಕುಡಿದು, ಬೀದಿಯಲ್ಲಿ ಯಾರ ಕಡೆಗೂ ನೋಡದೆ ದಡದಡನೆ ನಡೆದುಹೋದರು.

ಹೆಂಡತಿ ಸೆರಗಿನಿಂದ ಬಾಯಿ ಬಿಡಿಸಿಕೊಂಡಳು.

"ಕೆಲಸ ಹೋಯ್ತಾ ರೀ?"

"ಇಲ್ಲ. ಇದೆ."

"ಹಾಗಾದ್ರೆ ಟಿವಿ ಹೋಯ್ತು."

"ಅದೂ ಇದೆ," ಎಂದರು ಗುಮಾಸ್ತರು, ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂರುತ್ತ. "ವಾಲ್ಯೂಮ್ ಮಾತ್ರ ಕಡಿಮೆ ಇಟ್ಕೋಬೇಕಂತೆ."